ಶ್ವಾಸಕೋಶದ ಆಪರೇಷನ್ ಆಗಿ ನಾಲ್ಕೇ ದಿನಕ್ಕೆ ಮನೆಗಂತೆ, ಇದು ಸರಿನಾ?

ಪ್ರಶ್ನೆ: ಮೇಡಂ, ನಮ್ಮ ತಂದೆಗೆ 64 ವರ್ಷ. ಬಸ್ ಡ್ರೈವರ್ ಆಗಿದ್ದು ರಿಟೈರ್ ಆಗಿದ್ದಾರೆ. ಬೀಡಿ ಬಿಟ್ಟಿದ್ದೀನಿ ಅಂತಾರೆ, ಆದರೆ ಅಮ್ಮನ ಪ್ರಕಾರ ದಿನಕ್ಕೆ ಒಂದೆರಡು ಈಗಲೂ ಇದೆ. ಹತ್ತು ವರ್ಷದಿಂದ ಶುಗರ್ ಇದೆ. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಎರಡೂವರೆ ಸೆಂಟಿಮೀಟರ್ ಗಡ್ಡೆ ಕಂಡಿತು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂತು. ಪೆಟ್ ಸ್ಕ್ಯಾನ್‌ನಲ್ಲಿ ಬೇರೆ ಕಡೆ ಹರಡಿದ್ದು ಕಾಣಲಿಲ್ಲ. ಕೀಹೋಲ್‌ನಲ್ಲೇ, ಅಂದರೆ ಸಣ್ಣ ತೂತುಗಳಿಂದಲೇ, ಆ ಭಾಗ ತೆಗೀತೀವಿ ಅಂತ ಸರ್ಜನ್ ಹೇಳಿದರು. ಅಲ್ಲಿವರೆಗೆ ಧೈರ್ಯ ಇತ್ತು. ಆಮೇಲೆ ಹೇಳಿದ್ದು ಕೇಳಿ ಗೊಂದಲವಾಗಿದೆ. ಆಪರೇಷನ್‌ಗೆ ಎರಡು ಗಂಟೆ ಮುಂಚೆವರೆಗೂ ನೀರು ಕುಡೀಬಹುದಂತೆ. ಅವತ್ತೇ ಸಂಜೆ ಎಬ್ಬಿಸಿ ನಡೆಸ್ತಾರಂತೆ. ಡ್ರಿಪ್ ಜಾಸ್ತಿ ಹಾಕಲ್ವಂತೆ. ಎಲ್ಲ ಸರಿಯಿದ್ದರೆ ನಾಲ್ಕನೇ ದಿನ ಮನೆಗಂತೆ. ಮಂಡ್ಯದ ನಮ್ಮ ದೊಡ್ಡಪ್ಪನಿಗೆ ಹದಿನೈದು ವರ್ಷದ ಹಿಂದೆ ಇಂಥದ್ದೇ ಆಪರೇಷನ್ ಆದಾಗ ಎರಡು ವಾರಕ್ಕಿಂತ ಜಾಸ್ತಿ ಇಟ್ಟುಕೊಂಡಿದ್ದರು. ಈಗ ಬೆಡ್ ಖಾಲಿ ಮಾಡಿಸೋಕೆ ಹೀಗೆ ಮಾಡ್ತಾರಾ? ನಾವಿರೋದು ವಿಜಯನಗರದಲ್ಲಿ, ಮೂರನೇ ಮಹಡಿ, ಲಿಫ್ಟ್ ಇಲ್ಲ. ನಾನೂ ನನ್ನ ಹೆಂಡತಿಯೂ ಕೆಲಸಕ್ಕೆ ಹೋಗ್ತೀವಿ. ಒಂದು ವಾರ ಜಾಸ್ತಿ ಇಟ್ಕೊಳ್ಳಿ ಅಂತ ಕೇಳಬಹುದಾ? ಅಮ್ಮ ಅಂತೂ ಕತ್ತಿ ಮುಟ್ಟಿಸಿದರೆ ಕ್ಯಾನ್ಸರ್ ಮೈಗೆಲ್ಲ ಹರಡುತ್ತೆ, ಆಪರೇಷನ್ನೇ ಬೇಡ ಅಂತ ಕೂತಿದ್ದಾರೆ.

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವು. ಆದರೆ ಅಡಿಯಲ್ಲಿರುವ ಸಂಶಯ ಒಂದೇ. ಆಸ್ಪತ್ರೆಯವರು ತಮ್ಮ ಅನುಕೂಲಕ್ಕೆ ಅಪ್ಪನನ್ನು ಬೇಗ ಸಾಗಹಾಕುತ್ತಿದ್ದಾರಾ ಅಂತ. ಹಾಗೆ ಕೇಳುವುದರಲ್ಲಿ ತಪ್ಪಿಲ್ಲ. ಈ ಊರಿನಲ್ಲಿ ಆಸ್ಪತ್ರೆ ಬಿಲ್ ಕಟ್ಟಿದ ಯಾರಿಗಾದರೂ ಆ ಸಂಶಯ ಬರುತ್ತದೆ. ನಿಮ್ಮ ಸರ್ಜನ್ ಹೇಳಿದ ಒಂದೊಂದು ಮಾತಿಗೂ ಗಟ್ಟಿ ಕಾರಣ ಇದೆ. ಆದರೆ ಆ ಮಾತುಗಳೆಲ್ಲ ಒಟ್ಟಿಗೆ ನಡೆದರೆ ಮಾತ್ರ ನಾಲ್ಕನೇ ದಿನ ಮನೆ ಎನ್ನುವುದು ಸರಿ. ಉಳಿದದ್ದೆಲ್ಲ ಬಿಟ್ಟು ಡಿಸ್ಚಾರ್ಜ್ ಮಾತ್ರ ಬೇಗ ಮಾಡಿದರೆ ಅದು ಸರಿಯಲ್ಲ. ಎರಡರ ವ್ಯತ್ಯಾಸ ಹೇಗೆ ಗುರುತಿಸಬೇಕು ಅಂತ ಮುಂದೆ ಹೇಳುತ್ತೇನೆ.

ನಾನು ಅರಿವಳಿಕೆ ವೈದ್ಯೆ. ಎದೆಯ ಆಪರೇಷನ್‌ಗಳಿಗೆ ಅನಸ್ತೇಷಿಯಾ ಕೊಡುವುದೇ ನನ್ನ ಕೆಲಸದ ದೊಡ್ಡ ಪಾಲು. ಸರ್ಜನ್ ಹೆಸರು ಊರಿಗೆಲ್ಲ ಗೊತ್ತಿರುತ್ತದೆ, ನಮ್ಮ ಹೆಸರು ಬಿಲ್ಲಿನಲ್ಲಿ ಮಾತ್ರ ಕಾಣುತ್ತದೆ. ಪರವಾಗಿಲ್ಲ. ಬೇಗ ಚೇತರಿಸಿಕೊಳ್ಳುವ ಈ ಪದ್ಧತಿಯಲ್ಲಿ ಅರ್ಧ ಕೆಲಸ ನಮ್ಮ ಕಡೆಯದು, ಹಾಗಾಗಿ ಈ ಪ್ರಶ್ನೆಗೆ ನಾನು ಉತ್ತರಿಸುತ್ತಿದ್ದೇನೆ.

ಮೊದಲು ಅಮ್ಮನ ಮಾತು, ಯಾಕೆಂದರೆ ಅದು ಇತ್ಯರ್ಥವಾಗದೆ ಉಳಿದದ್ದೆಲ್ಲ ವ್ಯರ್ಥ. ಕತ್ತಿ ಸೋಕಿದರೆ, ಗಾಳಿ ತಗುಲಿದರೆ ಕ್ಯಾನ್ಸರ್ ಹರಡುತ್ತದೆ ಎನ್ನುವ ನಂಬಿಕೆ ನಮ್ಮಲ್ಲಿ ಬಹಳ ಹಳೆಯದು. ಇದು ಸುಮ್ನೆ ಹುಟ್ಟಿದ್ದಲ್ಲ. ಪೆಟ್ ಸ್ಕ್ಯಾನ್ ಇಲ್ಲದ ಕಾಲದಲ್ಲಿ ಎಷ್ಟೋ ಜನರ ಎದೆ ತೆರೆದ ಮೇಲೆಯೇ ರೋಗ ಹರಡಿರುವುದು ಗೊತ್ತಾಗುತ್ತಿತ್ತು. ಏನೂ ಮಾಡಲಾಗದೆ ಹೊಲಿದು ಕಳಿಸುತ್ತಿದ್ದರು. ಕೆಲವೇ ತಿಂಗಳಲ್ಲಿ ರೋಗಿ ಹೋಗಿಬಿಡುತ್ತಿದ್ದರು. ನೋಡಿದವರಿಗೆ ಕತ್ತಿಯೇ ಕಾರಣ ಅನಿಸಿತು. ನಿಜಕ್ಕೂ ರೋಗ ಅದಕ್ಕೂ ಮೊದಲೇ ಹರಡಿತ್ತು. ನಿಮ್ಮ ತಂದೆಗೆ ಆಪರೇಷನ್‌ಗೆ ಮುಂಚೆಯೇ ಸ್ಕ್ಯಾನ್ ಮಾಡಿ, ಹರಡಿಲ್ಲ ಅಂತ ನೋಡಿಕೊಂಡು ಈ ತೀರ್ಮಾನಕ್ಕೆ ಬಂದಿದ್ದಾರೆ. ಆರಂಭದ ಹಂತದ ಶ್ವಾಸಕೋಶ ಕ್ಯಾನ್ಸರ್‌ನಲ್ಲಿ, ತಡೆದುಕೊಳ್ಳುವ ಶಕ್ತಿ ಇದ್ದವರಿಗೆ ಆಪರೇಷನ್ನೇ ಮೊದಲ ಆಯ್ಕೆ. ಗಡ್ಡೆಯನ್ನು ಎದೆಯೊಳಗೇ ಒಂದು ಚೀಲದಲ್ಲಿ ಹಾಕಿ, ಬಾಯಿ ಬಿಗಿದು, ಹೊರಗೆ ತೆಗೆಯುತ್ತಾರೆ. ಗಾಯದ ಅಂಚಿಗೂ ಅದು ತಾಗಬಾರದು ಅಂತ. ಇದನ್ನು ಅಮ್ಮನಿಗೆ ಸರ್ಜನ್ ಬಾಯಿಂದಲೇ ಹೇಳಿಸಿ. ನೀವು ಹೇಳಿದರೆ ಮಗ ಸಮಾಧಾನ ಮಾಡ್ತಿದ್ದಾನೆ ಅಂದುಕೊಳ್ಳುತ್ತಾರೆ.

ಈಗ ದೊಡ್ಡಪ್ಪನ ವಿಷಯ. ಆಗ ಹೆಚ್ಚಿನ ಕಡೆ ನಡೆಯುತ್ತಿದ್ದದ್ದು ಬೆನ್ನಿನಿಂದ ಕಂಕುಳ ಕೆಳಗಿನವರೆಗೆ ಉದ್ದ ಕೊಯ್ದು, ಪಕ್ಕೆಲುಬುಗಳನ್ನು ಲೋಹದ ಸಲಕರಣೆಯಿಂದ ಅಗಲಿಸಿ ಮಾಡುವ ಆಪರೇಷನ್. ಕ್ಯಾನ್ಸರ್ ಚೆನ್ನಾಗಿಯೇ ತೆಗೆಯುತ್ತಿದ್ದರು, ಅದರಲ್ಲಿ ದೋಷವಿಲ್ಲ. ಆದರೆ ಪಕ್ಕೆಲುಬಿನ ಕೆಳಗೆ ಓಡುವ ನರ ಜಜ್ಜಿದಂತಾಗಿ ಸಹಿಸಲಾಗದ ನೋವು ಬರುತ್ತಿತ್ತು. ನೋವಿಗೆ ಹೆದರಿ ರೋಗಿ ಉಸಿರನ್ನು ಪೂರ್ತಿ ಎಳೆಯುತ್ತಿರಲಿಲ್ಲ, ಕೆಮ್ಮುತ್ತಿರಲಿಲ್ಲ. ಕಫ ಒಳಗೇ ಕೂತು ನ್ಯುಮೋನಿಯಾ ಆಗುತ್ತಿತ್ತು. ನೋವು ತಡೆಯಲು ಮಾರ್ಫಿನ್ ಜಾತಿಯ ಔಷಧ ಜಾಸ್ತಿ ಕೊಟ್ಟರೆ ಮಂಪರು, ವಾಂತಿ, ಮಲಬದ್ಧತೆ. ಮೈಗೆ ಎರಡು ಎದೆ ಟ್ಯೂಬ್, ಒಂದು ಮೂತ್ರದ ಟ್ಯೂಬ್, ಕೈಗೆ ಡ್ರಿಪ್. ಇಷ್ಟೆಲ್ಲ ಕಟ್ಟಿಕೊಂಡು ಯಾರು ಎದ್ದು ನಡೆಯುತ್ತಾರೆ? ಅಂದರೆ ಆ ಎರಡು ವಾರದಲ್ಲಿ ಬಹಳಷ್ಟು ದಿನ ಹೋದದ್ದು ಇವೆಲ್ಲ ತಂದಿಟ್ಟ ತೊಂದರೆಗಳನ್ನು ಸರಿಪಡಿಸಲು.

1990ರ ದಶಕದಲ್ಲಿ ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಲೆಟ್ ಕರುಳಿನ ಆಪರೇಷನ್ ಆದವರನ್ನು ನೋಡುತ್ತಾ ಒಂದು ಪ್ರಶ್ನೆ ಹಿಡಿದುಕೊಂಡರು. ಈ ರೋಗಿ ಇವತ್ತೂ ಆಸ್ಪತ್ರೆಯಲ್ಲಿ ಇರಲು ಕಾರಣ ಏನು? ನೋವಾ, ವಾಂತಿಯಾ, ಟ್ಯೂಬಾ, ನಿಶ್ಶಕ್ತಿಯಾ? ಒಂದೊಂದಕ್ಕೂ ಮೊದಲೇ ಪರಿಹಾರ ಇಟ್ಟರೆ ಮೈ ತಾನಾಗಿ ಬೇಗ ಚೇತರಿಸುತ್ತದೆ ಅಂತ ತೋರಿಸಿದರು. ಅದು ಬೇರೆ ಆಪರೇಷನ್‌ಗಳಿಗೂ ಹಬ್ಬಿತು. ಇದನ್ನು ಈರಾಸ್ ಪದ್ಧತಿ, ಅಂದರೆ ಆಪರೇಷನ್ ನಂತರ ಬೇಗ ಚೇತರಿಸುವ ಪದ್ಧತಿ ಅನ್ನುತ್ತಾರೆ. ಶ್ವಾಸಕೋಶದ ಆಪರೇಷನ್‌ಗೆ ಬೇಕಾದ ಮಾರ್ಗಸೂಚಿಯನ್ನು ಈರಾಸ್ ಸೊಸೈಟಿ ಮತ್ತು ಯುರೋಪಿನ ಎದೆ ಸರ್ಜನ್‌ಗಳ ಸಂಘ ಸೇರಿ 2019ರಲ್ಲಿ ಹೊರತಂದವು. ಅದರಲ್ಲಿ 45 ಅಂಶಗಳಿವೆ. ಬೇಗ ಮನೆಗೆ ಕಳಿಸಿ ಎನ್ನುವುದು ಅದರ ಸೂತ್ರವಲ್ಲ. ಉಳಿದದ್ದನ್ನು ಸರಿಯಾಗಿ ಮಾಡಿದರೆ ಹೆಚ್ಚಿನವರು ತಾವಾಗಿ ಬೇಗ ಹೊರಡುತ್ತಾರೆ, ಅಷ್ಟೇ.

ಕೀಹೋಲ್ ಆಪರೇಷನ್ ಎಷ್ಟು ವ್ಯತ್ಯಾಸ ಮಾಡುತ್ತದೆ ಅಂತ ಬ್ರಿಟನ್ನಿನ 9 ಆಸ್ಪತ್ರೆಗಳಲ್ಲಿ 503 ಜನರ ಮೇಲೆ ಪರೀಕ್ಷಿಸಿ ನೋಡಿದ್ದಾರೆ. ವಯೊಲೆಟ್ ಅಂತ ಆ ಅಧ್ಯಯನದ ಹೆಸರು, 2022ರಲ್ಲಿ ಪ್ರಕಟವಾಯಿತು. ಕ್ಯಾನ್ಸರ್ ತೆಗೆಯುವ ವಿಷಯದಲ್ಲಿ ಕೀಹೋಲ್, ತೆರೆದ ಆಪರೇಷನ್ ಎರಡೂ ಸಮ. ಐದು ವಾರದ ಹೊತ್ತಿಗೆ ಓಡಾಡುವ ಶಕ್ತಿ ಕೀಹೋಲ್‌ನವರಿಗೆ ಚೆನ್ನಾಗಿತ್ತು. ಆಸ್ಪತ್ರೆ ವಾಸ ಕೀಹೋಲ್‌ನಲ್ಲಿ 4 ದಿನ, ತೆರೆದ ಆಪರೇಷನ್‌ನಲ್ಲಿ 5 ದಿನ. ಇಲ್ಲಿ ಗಮನಿಸಬೇಕಾದದ್ದು ಆ ಎರಡನೇ ಸಂಖ್ಯೆ. ದೊಡ್ಡ ಗಾಯ ಆದವರೂ ಐದು ದಿನಕ್ಕೆ ಹೊರಡುತ್ತಿದ್ದಾರೆ ಅಂದರೆ, ದಿನ ಕಡಿಮೆಯಾಗಲು ಗಾಯದ ಅಳತೆ ಒಂದೇ ಕಾರಣವಲ್ಲ, ಆರೈಕೆಯ ರೀತಿಯೂ ಕಾರಣ.

ಎರಡು ಗಂಟೆ ಮುಂಚೆವರೆಗೆ ನೀರು ಎನ್ನುವುದಕ್ಕೆ ಬರುತ್ತೇನೆ. ರಾತ್ರಿ ಹತ್ತಕ್ಕೆ ಊಟ ಮುಗಿಸಿ, ಮರುದಿನ ಮಧ್ಯಾಹ್ನದ ಆಪರೇಷನ್‌ವರೆಗೆ ಒಂದು ಗುಟುಕು ನೀರೂ ಇಲ್ಲದೆ ಕಾಯುವವರನ್ನು ನಾನು ಈಗಲೂ ನೋಡುತ್ತೇನೆ. ಅದು ಹಳೆಯ ಭಯದ ಉಳಿಕೆ. ನೀರು ಹೊಟ್ಟೆಯಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಹಗುರ ಊಟಕ್ಕೆ 6 ಗಂಟೆ, ತಿಳಿಯಾದ ದ್ರವಕ್ಕೆ 2 ಗಂಟೆ ಬಿಟ್ಟರೆ ಸಾಕು. ತಿಳಿ ಅಂದರೆ ನೀರು, ಹಾಲಿಲ್ಲದ ಕಾಫಿ ಅಥವಾ ಟೀ. ಫಿಲ್ಟರ್ ಕಾಫಿ ಪ್ರಿಯರಿಗೆ ಇದೊಂದು ಶಿಕ್ಷೆಯೇ, ಗೊತ್ತು. ಆದರೆ ಹಾಲು ಬಿದ್ದ ಕೂಡಲೇ ಅದು ಆಹಾರದ ಲೆಕ್ಕ. ಮಜ್ಜಿಗೆ, ಗಂಜಿ, ರಾಗಿ ಅಂಬಲಿ ಕೂಡ ಆಹಾರವೇ. ಕೆಲವು ಕಡೆ ಸಿಹಿ ಪಾನೀಯವನ್ನೂ ಕೊಡುತ್ತಾರೆ. ನಿಮ್ಮ ತಂದೆಗೆ ಶುಗರ್ ಇರುವುದರಿಂದ ಅದನ್ನು ನೀವಾಗಿ ಕೊಡಬೇಡಿ. ಬಹಳ ವರ್ಷದ ಶುಗರ್‌ನಲ್ಲಿ ಕೆಲವರಿಗೆ ಹೊಟ್ಟೆ ನಿಧಾನ ಖಾಲಿಯಾಗುತ್ತದೆ. ಸ್ವಲ್ಪ ತಿಂದರೂ ಹೊಟ್ಟೆ ಉಬ್ಬುತ್ತದೆ, ಗಂಟೆಗಟ್ಟಲೆ ತುಂಬಿದ ಹಾಗೇ ಇರುತ್ತದೆ ಅಂತ ಅವರು ಹೇಳುತ್ತಿದ್ದರೆ ಅನಸ್ತೇಷಿಯಾ ಡಾಕ್ಟರಿಗೆ ಮೊದಲೇ ತಿಳಿಸಿ.

ಶುಗರ್ ಮಾತ್ರೆಗಳ ಬಗ್ಗೆಯೂ ಒಂದು ಎಚ್ಚರಿಕೆ ಇದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎನ್ನುವ ಮಾತ್ರೆಗಳನ್ನು ಈಗ ಬಹಳ ಜನ ತೆಗೆದುಕೊಳ್ಳುತ್ತಾರೆ. ಇವನ್ನು ಆಪರೇಷನ್‌ಗೆ ಕನಿಷ್ಠ 3 ದಿನ ಮುಂಚೆ ನಿಲ್ಲಿಸಬೇಕು. ಇಲ್ಲದಿದ್ದರೆ ಸಕ್ಕರೆ ಪ್ರಮಾಣ ಸರಿಯಾಗಿಯೇ ಕಂಡರೂ ರಕ್ತದಲ್ಲಿ ಆಮ್ಲ ಏರಿ ಅಪಾಯವಾಗಬಹುದು. ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧ ಬೆರೆತಿರುವುದರಿಂದ ಹೆಸರು ನೋಡಿ ಗೊತ್ತಾಗುವುದಿಲ್ಲ. ಮಾತ್ರೆಯ ಸ್ಟ್ರಿಪ್‌ಗಳನ್ನೇ ಕವರಿಗೆ ಹಾಕಿ ತಂದು ತೋರಿಸಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಅದನ್ನೂ. ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ಥರದ್ದು ತೆಗೆದುಕೊಳ್ಳುತ್ತಿದ್ದರೆ ಅದನ್ನು ಇದ್ದಕ್ಕಿದ್ದಂತೆ ನಿಲ್ಲಿಸಬಾರದು. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಮುಂದುವರಿಸಬೇಕು ಅಂತ ಕಾಗದದ ಮೇಲೆ ಬರೆಸಿಕೊಳ್ಳಿ.

ಬೀಡಿ ವಿಷಯದಲ್ಲಿ ನಾನು ಸ್ವಲ್ಪ ಖಡಕ್. ಕನಿಷ್ಠ ನಾಲ್ಕು ವಾರ ಮುಂಚೆ ಬಿಟ್ಟರೆ ಒಳ್ಳೆಯದು. ಅಷ್ಟು ಸಮಯ ಇಲ್ಲದಿದ್ದರೆ ಇವತ್ತೇ ಬಿಡಬೇಕು. ಹೊತ್ತಿಲ್ಲದ ಹೊತ್ತಿನಲ್ಲಿ ಬಿಟ್ಟರೆ ಕಫ ಕಿತ್ತುಕೊಂಡು ಬರುತ್ತೆ, ಆಪರೇಷನ್ ಆದಮೇಲೆ ಬಿಡ್ತೀನಿ ಅಂತ ಬಹಳ ಜನ ಹೇಳುತ್ತಾರೆ. ಆ ನೆಪವನ್ನು ಒಪ್ಪಬೇಡಿ. ಒಂದೆರಡು ದಿನ ಬಿಟ್ಟರೂ ರಕ್ತದಲ್ಲಿನ ಕಾರ್ಬನ್ ಮಾನಾಕ್ಸೈಡ್ ಇಳಿದು ಆಮ್ಲಜನಕಕ್ಕೆ ಜಾಗವಾಗುತ್ತದೆ. ಆಪರೇಷನ್ ಹೊತ್ತಿನಲ್ಲಿ ನಾವು ಒಂದು ಶ್ವಾಸಕೋಶಕ್ಕೆ ಗಾಳಿ ನಿಲ್ಲಿಸಿ, ಇನ್ನೊಂದರಿಂದಲೇ ಉಸಿರಾಟ ನಡೆಸುತ್ತೇವೆ. ಆ ಒಂದು ಶ್ವಾಸಕೋಶ ಹೊಗೆಯಲ್ಲಿ ಎಷ್ಟು ನೊಂದಿದೆ ಅಂತ ನಮಗೆ ಗೊತ್ತಿರಬೇಕು. ದಿನಕ್ಕೆ ಎರಡು ಇದೆ ಅಂತ ಅಮ್ಮ ನಿಮಗೆ ಹೇಳಿದ್ದನ್ನು ನಮ್ಮ ಹತ್ತಿರವೂ ಹೇಳಲಿ. ನಾವು ಬೈಯುವುದಿಲ್ಲ. ಬಿಡಲು ಕಷ್ಟವಾದರೆ ನಿಕೋಟಿನ್ ಗಮ್ ಇದೆ, ಔಷಧ ಇದೆ, ಕೇಳಿ ಪಡೆಯಿರಿ.

ಬಯಾಪ್ಸಿ, ಸ್ಕ್ಯಾನ್, ಉಸಿರಾಟದ ಪರೀಕ್ಷೆ, ವಿಮೆಯವರ ಒಪ್ಪಿಗೆ ಅಂತ ಎರಡು ಮೂರು ವಾರ ಹೇಗೂ ಹೋಗುತ್ತದೆ. ಆ ದಿನಗಳಲ್ಲಿ ಅಪ್ಪನನ್ನು ಹೆದರಿಸಿ ಮಲಗಿಸಿರುತ್ತಾರೆ. ಅದೇ ತಪ್ಪು. ತಯಾರಿಯ ಕಾಲ ಅದೇ. ಲಿಫ್ಟ್ ಇಲ್ಲದ ಮನೆ ನಿಮಗೆ ಸಮಸ್ಯೆ ಅನಿಸಿದೆ, ನನಗೆ ಅದು ಉಪಯೋಗ ಅನಿಸುತ್ತದೆ. ಶ್ವಾಸಕೋಶ ತೆಗೆದರೆ ತಡೆಯುತ್ತಾರಾ ಅಂತ ನೋಡಲು ಮೆಟ್ಟಿಲು ಹತ್ತಿಸುವುದು ವೈದ್ಯಕೀಯದ ಒಂದು ಪರೀಕ್ಷೆಯೇ. ಸುಮಾರು 22 ಮೀಟರ್ ಎತ್ತರ ಹತ್ತಬಲ್ಲವರಿಗೆ ಅಪಾಯ ಕಡಿಮೆ ಅಂತ ಲೆಕ್ಕ. ಅದನ್ನು ಮನೆಯಲ್ಲಿ ಪರೀಕ್ಷಿಸಲು ಹೋಗಬೇಡಿ. ದಿನಾ ಎರಡು ಹೊತ್ತು ಬಡಾವಣೆಯ ಪಾರ್ಕಿನಲ್ಲಿ ಚುರುಕಾಗಿ ಅರ್ಧ ಗಂಟೆ ನಡೆದು, ತಮ್ಮದೇ ವೇಗದಲ್ಲಿ ಮೇಲೆ ಹತ್ತಿ ಬಂದರೆ ಸಾಕು. ಎದೆನೋವು, ತಲೆಸುತ್ತು ಬಂದರೆ ನಿಲ್ಲಿಸಿ ಡಾಕ್ಟರಿಗೆ ಹೇಳಿ. ಫಿಸಿಯೋಥೆರಪಿಸ್ಟ್ ಹತ್ತಿರ ಆಳವಾಗಿ ಉಸಿರೆಳೆಯುವುದನ್ನೂ, ದಿಂಬು ಅವುಚಿಕೊಂಡು ಕೆಮ್ಮುವುದನ್ನೂ ಮೊದಲೇ ಕಲಿಯಲಿ. ನೋವಿನ ನಡುವೆ ಹೊಸದಾಗಿ ಕಲಿಯುವುದು ಕಷ್ಟ.

ಉಸಿರಾಟಕ್ಕೆ ಎಷ್ಟು ಕಡಿಮೆಯಾಗುತ್ತದೆ ಎನ್ನುವ ಭಯವೂ ನಿಮಗಿರಬಹುದು. ಬಲ ಶ್ವಾಸಕೋಶದಲ್ಲಿ ಮೂರು ಹಾಲೆ (ದೊಡ್ಡ ಭಾಗಗಳು), ಎಡದಲ್ಲಿ ಎರಡು. ಅವುಗಳ ಒಳಗಿನ ಸಣ್ಣ ವಿಭಾಗಗಳನ್ನು ನಾವು ಒಟ್ಟು 19 ಅಂತ ಎಣಿಸುತ್ತೇವೆ. ಬಲದ ಮೇಲಿನ ಹಾಲೆಯಲ್ಲಿ ಅವುಗಳ ಪೈಕಿ 3. ಅಂದರೆ ಆರನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ. ಉಸಿರಾಟದ ಪರೀಕ್ಷೆ ಚೆನ್ನಾಗಿ ಬಂದಿದ್ದರೆ ದಿನನಿತ್ಯದ ಓಡಾಟಕ್ಕೆ ಇದು ಅಡ್ಡಿಯಾಗುವುದಿಲ್ಲ.

ನೋವು ನನ್ನ ವಿಭಾಗ, ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಎದ್ದು ನಡೆಯುವುದು, ಕೆಮ್ಮುವುದು, ಊಟ, ನಿದ್ದೆ ಎಲ್ಲದಕ್ಕೂ ಬೀಗ ಹಾಕುವುದು ನೋವು. ಹಾಗಾಗಿ ಒಂದೇ ಔಷಧ ನೆಚ್ಚಿಕೊಳ್ಳುವುದಿಲ್ಲ. ಬೆನ್ನುಮೂಳೆಯ ಪಕ್ಕದಲ್ಲಿ ಇಂಜೆಕ್ಷನ್ ಕೊಟ್ಟು, ಎದೆಯ ಆ ಬದಿಯ ನರಗಳನ್ನು ಮಾತ್ರ ಮರಗಟ್ಟಿಸುತ್ತೇವೆ. ಅದರ ಜೊತೆ ಪ್ಯಾರಾಸಿಟಮಾಲ್ ಹೊತ್ತುಹೊತ್ತಿಗೆ, ಕಿಡ್ನಿ ಚೆನ್ನಾಗಿದ್ದರೆ ಇನ್ನೊಂದು ನೋವಿನ ಮಾತ್ರೆ. ಮಾರ್ಫಿನ್ ಜಾತಿಯದ್ದು ಬೇಕಾದಾಗ ಮಾತ್ರ, ಸ್ವಲ್ಪ. ಮೊದಲೆಲ್ಲ ಎಪಿಡ್ಯೂರಲ್, ಅಂದರೆ ಬೆನ್ನುಮೂಳೆಯೊಳಗೆ ಸಣ್ಣ ನಳಿಕೆ ಇಟ್ಟು ಔಷಧ ಕೊಡುವುದು, ಹಾಕುತ್ತಿದ್ದೆವು. ನೋವಿಗೆ ಅದು ಒಳ್ಳೆಯದೇ, ಆದರೆ ಬಿಪಿ ಇಳಿಯುತ್ತಿತ್ತು, ಮೂತ್ರ ಕಟ್ಟುತ್ತಿತ್ತು, ರೋಗಿಯನ್ನು ಎಬ್ಬಿಸುವುದು ತಡವಾಗುತ್ತಿತ್ತು. ನೋವು ಪೂರ್ತಿ ಸೊನ್ನೆಯಾಗುತ್ತದೆ ಅಂತ ನಾನು ಯಾರಿಗೂ ಮಾತು ಕೊಡುವುದಿಲ್ಲ. ಜೋರಾಗಿ ಕೆಮ್ಮಿ ಕಫ ತೆಗೆಯುವಷ್ಟು, ಬಾತ್‌ರೂಮಿಗೆ ನಡೆದು ಹೋಗುವಷ್ಟು ಕಡಿಮೆ ಇರಬೇಕು. ಇಲ್ಲದಿದ್ದರೆ ಸಹಿಸಿಕೊಂಡು ಮಲಗಬಾರದು. ನಮ್ಮ ಗಂಡಸರಿಗೆ, ಅದರಲ್ಲೂ ನಿಮ್ಮ ತಂದೆ ವಯಸ್ಸಿನವರಿಗೆ, ನೋವು ಅಂತ ಬಾಯಿ ಬಿಟ್ಟು ಹೇಳುವುದೇ ಅವಮಾನ. ನರ್ಸ್ ಬಂದು ಕೇಳಿದರೆ ಪರವಾಗಿಲ್ಲ ಸಿಸ್ಟರ್ ಅಂತಾರೆ. ಅವರು ಹೋದಮೇಲೆ ಹಲ್ಲು ಕಚ್ಚಿ ಮಲಗುತ್ತಾರೆ. ನೀವು ಪಕ್ಕದಲ್ಲಿದ್ದರೆ ಅವರ ಪರವಾಗಿ ಹೇಳಿ.

ಡ್ರಿಪ್ ಜಾಸ್ತಿ ಹಾಕಲ್ವಂತೆ ಅನ್ನುವುದು ನಿಮಗೆ ನಿರ್ಲಕ್ಷ್ಯ ಅನಿಸಿರಬಹುದು. ನಮ್ಮಲ್ಲಿ ಬಾಟಲಿ ಏರಿಸಿದರೆ ಶಕ್ತಿ ಬರುತ್ತದೆ ಎನ್ನುವ ನಂಬಿಕೆ ಬಲವಾಗಿದೆ. ಡ್ರಿಪ್‌ನಲ್ಲಿ ಇರುವುದು ಮುಖ್ಯವಾಗಿ ನೀರು ಮತ್ತು ಉಪ್ಪು, ಕೆಲವದರಲ್ಲಿ ಸ್ವಲ್ಪ ಸಕ್ಕರೆ. ಒಂದು ಹಾಲೆ ತೆಗೆದ ಮೇಲೆ ಉಳಿದ ಶ್ವಾಸಕೋಶ ಸೂಕ್ಷ್ಮವಾಗಿರುತ್ತದೆ. ನೀರು ಜಾಸ್ತಿಯಾದರೆ ಅದು ಶ್ವಾಸಕೋಶದೊಳಗೇ ಒಸರಿ ಉಸಿರುಗಟ್ಟಿಸುತ್ತದೆ. ತೀರಾ ಕಡಿಮೆಯಾದರೆ ಕಿಡ್ನಿಗೆ ತೊಂದರೆ. ನಡುವಿನ ಅಳತೆ ಹಿಡಿಯುವುದು ನಮ್ಮ ಕೆಲಸ. ಬಾಯಿಂದ ಕುಡಿಯಲು ಶುರುವಾದ ಮೇಲೆ ಡ್ರಿಪ್‌ಗೆ ಕೆಲಸವಿಲ್ಲ. ಮೂತ್ರದ ಟ್ಯೂಬ್ ಕೂಡ ಎಲ್ಲರಿಗೂ ಬೇಕಾಗಿಲ್ಲ.

ಎದೆ ಟ್ಯೂಬ್ ಮಾತ್ರ ಬೇಕೇ ಬೇಕು, ಈಗ ಸಾಮಾನ್ಯವಾಗಿ ಒಂದೇ. ಅದರ ಇನ್ನೊಂದು ತುದಿ ನೀರಿರುವ ಬಾಟಲಿಯಲ್ಲಿ ಅಥವಾ ಸಣ್ಣ ಯಂತ್ರದಲ್ಲಿ ಇರುತ್ತದೆ. ಪಂಚರ್ ಅಂಗಡಿಯವನು ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ನೋಡುವ ಹಾಗೆ, ನಾವೂ ಬಾಟಲಿಯಲ್ಲಿ ಗುಳ್ಳೆ ನೋಡುತ್ತೇವೆ. ಕೆಮ್ಮಿದಾಗ ಗುಳ್ಳೆ ಬಂದರೆ ಶ್ವಾಸಕೋಶದ ಕತ್ತರಿಸಿದ ಅಂಚಿನಿಂದ ಇನ್ನೂ ಗಾಳಿ ಸೋರುತ್ತಿದೆ ಅಂತ. ಗುಳ್ಳೆ ನಿಂತು, ಬರುವ ದ್ರವ ತಿಳಿಯಾಗಿದ್ದು, ಎಕ್ಸ್‌ರೇಯಲ್ಲಿ ಶ್ವಾಸಕೋಶ ಹಿಗ್ಗಿರುವುದು ಕಂಡರೆ ಟ್ಯೂಬ್ ತೆಗೆಯುತ್ತಾರೆ. ದಿನಕ್ಕೆ 450 ಮಿಲಿವರೆಗೆ ತಿಳಿ ದ್ರವ ಬರುತ್ತಿದ್ದರೂ ತೆಗೆಯಬಹುದು ಅಂತ 2019ರ ಮಾರ್ಗಸೂಚಿ ಹೇಳುತ್ತದೆ. ಹಿಂದೆ ಇದಕ್ಕಿಂತ ಬಹಳ ಕಡಿಮೆಯಾಗುವವರೆಗೆ ಕಾಯುತ್ತಿದ್ದರು, ಅದರಿಂದಲೇ ದಿನಗಳು ಉರುಳುತ್ತಿದ್ದವು. ಟ್ಯೂಬ್ ಇದ್ದರೂ ನಡೆಯಬಹುದು. ಬಾಟಲಿ ಸೊಂಟಕ್ಕಿಂತ ಕೆಳಗಿರಬೇಕು, ನಿಮ್ಮಲ್ಲೊಬ್ಬರು ಹಿಡಿದುಕೊಳ್ಳಿ.

ನಡೆದರೆ ಹೊಲಿಗೆ ಬಿಟ್ಟುಹೋಗುತ್ತದೆ ಅಂತ ನಿಮ್ಮ ನೆಂಟರು ಹೇಳೇ ಹೇಳುತ್ತಾರೆ. ಎದೆಯ ಹೊಲಿಗೆಗೂ ಕಾಲಿನ ನಡಿಗೆಗೂ ಸಂಬಂಧವಿಲ್ಲ. ಮಲಗಿರುವುದೇ ದುಬಾರಿ. ಆರೋಗ್ಯವಾಗಿದ್ದ ಹಿರಿಯರನ್ನು ಬರೀ 10 ದಿನ ಹಾಸಿಗೆಯಲ್ಲಿಟ್ಟು ಅಮೆರಿಕದಲ್ಲಿ ಒಂದು ಸಣ್ಣ ಅಧ್ಯಯನ ಮಾಡಿದ್ದರು. 2007ರಲ್ಲಿ ಪ್ರಕಟವಾಯಿತು. ಅಷ್ಟರಲ್ಲೇ ಅವರ ಕಾಲುಗಳಿಂದ ಸುಮಾರು ಒಂದು ಕಿಲೋ ಮಾಂಸಖಂಡ ಕರಗಿತ್ತು. ಅವರಿಗೆ ಕಾಯಿಲೆಯೂ ಇರಲಿಲ್ಲ, ಆಪರೇಷನ್ನೂ ಆಗಿರಲಿಲ್ಲ. ಇದಲ್ಲದೆ ಮಲಗಿದವರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಆ ಹೆಪ್ಪು ಶ್ವಾಸಕೋಶಕ್ಕೆ ಬಂದರೆ ಜೀವಕ್ಕೇ ಅಪಾಯ. ಅದಕ್ಕೇ ಹೊಟ್ಟೆಯ ಚರ್ಮಕ್ಕೆ ಸಣ್ಣ ಇಂಜೆಕ್ಷನ್ ಕೊಡುತ್ತಾರೆ. ಉಸಿರಾಟದ ವ್ಯಾಯಾಮಕ್ಕೆ ಮೂರು ಚೆಂಡಿನ ಊದುವ ಸಾಧನವನ್ನೂ ಕೊಡಬಹುದು. ಊದುವ ಅಂತಾರೆ, ನಿಜಕ್ಕೂ ಅದರಲ್ಲಿ ಎಳೆಯಬೇಕು. ಮನೆಮಂದಿಯೆಲ್ಲ ಸುತ್ತ ನಿಂತು ಮೂರನೇ ಚೆಂಡು ಏರಿತಾ ಅಂತ ನೋಡುತ್ತಿರುತ್ತಾರೆ. ಮಾಡಲಿ, ತೊಂದರೆಯಿಲ್ಲ. ಆದರೆ ಕಾರಿಡಾರಿನಲ್ಲಿ ನಾಲ್ಕು ಸುತ್ತು ಹಾಕುವುದಕ್ಕೆ ಅದು ಬದಲಿಯಲ್ಲ.

ಇನ್ನು ಬೆಡ್ ಖಾಲಿ ಮಾಡಿಸುವ ಪ್ರಶ್ನೆ. ಆಸ್ಪತ್ರೆಗಳಿಗೆ ಬೆಡ್ ಬೇಗ ಖಾಲಿಯಾದರೆ ಲಾಭ ಇದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಪ್ಯಾಕೇಜ್ ದರದಲ್ಲಿ ಆಪರೇಷನ್ ಮಾಡಿದಾಗ ಕೊನೆಯ ದಿನಗಳಿಂದ ಅವರಿಗೆ ಸಿಗುವುದು ಕಡಿಮೆ. ಬೇಗ ಚೇತರಿಕೆ ಅಂತ ಬೋರ್ಡ್ ಹಾಕಿ, ಉಳಿದದ್ದೇನೂ ಬದಲಿಸದೆ, ಡಿಸ್ಚಾರ್ಜ್ ಮಾತ್ರ ಬೇಗ ಮಾಡುವ ಜಾಗಗಳೂ ಇಲ್ಲದಿಲ್ಲ. ಪತ್ತೆ ಹಚ್ಚುವುದು ಕಷ್ಟವಲ್ಲ. ನಾಲ್ಕು ಮಾತು ಕೇಳಿ. ನೋವಿಗೆ ನರದ ಇಂಜೆಕ್ಷನ್ ಕೊಡುತ್ತೀರಾ, ಯಾರು ಕೊಡುತ್ತಾರೆ? ಭಾನುವಾರವೂ ಫಿಸಿಯೋಥೆರಪಿಸ್ಟ್ ಬರುತ್ತಾರಾ? ಮನೆಗೆ ಹೋದಮೇಲೆ ರಾತ್ರಿ ಹತ್ತಕ್ಕೆ ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು, ಎತ್ತುವವರಿಗೆ ನಮ್ಮ ಕೇಸ್ ಗೊತ್ತಿರುತ್ತದಾ? ನಾಲ್ಕನೇ ದಿನ ಸರಿಯಿಲ್ಲದಿದ್ದರೆ ಏನು ಮಾಡುತ್ತೀರಿ? ಉತ್ತರ ತಡವರಿಸದೆ ಬಂದರೆ ಅಲ್ಲಿ ಪದ್ಧತಿ ಇದೆ ಅಂತ ನಂಬಬಹುದು. ಅದೆಲ್ಲ ಆಮೇಲೆ ನೋಡೋಣ ಅಂದರೆ ನಿಮ್ಮ ಸಂಶಯಕ್ಕೆ ಅರ್ಥವಿದೆ.

ಹಾಗಾದರೆ ಒಂದು ವಾರ ಜಾಸ್ತಿ ಕೇಳಬಹುದಾ? ಕೇಳಬಹುದು, ಯಾರೂ ಕತ್ತು ಹಿಡಿದು ದೂಡುವುದಿಲ್ಲ. ಆದರೆ ದಿನದ ಲೆಕ್ಕದಲ್ಲಿ ಕೇಳಬೇಡಿ ಅನ್ನುವುದು ನನ್ನ ಸಲಹೆ. ಏನೇನು ಸರಿಯಾದಮೇಲೆ ಕಳಿಸುತ್ತೀರಿ ಅಂತ ಕೇಳಿ. ಟ್ಯೂಬ್ ತೆಗೆದು ಎಕ್ಸ್‌ರೇ ಚೆನ್ನಾಗಿರಬೇಕು. ಮಾತ್ರೆಯಲ್ಲೇ ನೋವು ಹತೋಟಿಯಲ್ಲಿರಬೇಕು. ಹೊರಗಿನ ಆಮ್ಲಜನಕ ಇಲ್ಲದೆ ಉಸಿರಾಟ ನಡೆಯಬೇಕು. ಜ್ವರ ಇರಬಾರದು, ಊಟ ಸೇರಬೇಕು, ಸಕ್ಕರೆ ಹಿಡಿತದಲ್ಲಿರಬೇಕು. ಹೃದಯದ ಬಡಿತ ಲಯ ತಪ್ಪಿರಬಾರದು. ಇದು ಶ್ವಾಸಕೋಶದ ಆಪರೇಷನ್ ಆದ ಎರಡು ಮೂರನೇ ದಿನದಲ್ಲೇ ಹೆಚ್ಚಾಗಿ ಬರುವ ತೊಂದರೆ, ಅದನ್ನು ದಾಟಿಕೊಂಡು ಹೋಗುವುದು ಒಳ್ಳೆಯದು. ನಿಮ್ಮ ಮನೆಗೆಂದೇ ಇನ್ನೊಂದು ಷರತ್ತು ಸೇರಿಸಿ. ಹೊರಡುವ ಮುಂಚೆ ಫಿಸಿಯೋಥೆರಪಿಸ್ಟ್ ಅಪ್ಪನನ್ನು ಆಸ್ಪತ್ರೆಯ ಮೆಟ್ಟಿಲು ಹತ್ತಿಸಿ ನೋಡಬೇಕು. ಇವೆಲ್ಲ ಮೂರನೇ ದಿನಕ್ಕೇ ಆದರೆ ಮೂರಕ್ಕೇ ಬನ್ನಿ. ಏಳನೇ ದಿನಕ್ಕೂ ಆಗದಿದ್ದರೆ ಏಳಕ್ಕೂ ಹೊರಡಬೇಡಿ.

ಎಲ್ಲ ಸರಿಯಾದ ಮೇಲೂ ಸುಮ್ನೆ ವಾರ ಕಳೆದರೆ ಲಾಭವಿಲ್ಲ, ನಷ್ಟ ಇದೆ. ಆಸ್ಪತ್ರೆಯ ಸೋಂಕುಗಳು ಮನೆಯವಕ್ಕಿಂತ ಹಟಮಾರಿ. ರಾತ್ರಿ ನಿದ್ದೆ ಕೆಡುತ್ತದೆ, ಊಟ ರುಚಿಸುವುದಿಲ್ಲ, ನಡಿಗೆ ನಿಲ್ಲುತ್ತದೆ, ಬಿಲ್ ಏರುತ್ತದೆ. ಬೇಗ ಹೋಗುವುದರಲ್ಲಿ ಅಪಾಯವೇ ಇಲ್ಲ ಅಂತಲೂ ಹೇಳಲಾರೆ. ಮನೆಗೆ ಹೋದಮೇಲೆ ಎದೆಯಲ್ಲಿ ನೀರು ತುಂಬಿ, ಸೋಂಕಾಗಿ, ಬಡಿತ ಏರುಪೇರಾಗಿ ಕೆಲವರು ವಾಪಸು ಬರುತ್ತಾರೆ. ಆಗ ಮುಖ್ಯವಾಗುವುದು ಎಷ್ಟು ಬೇಗ ಗುರುತಿಸಿ ಬಂದರು ಎನ್ನುವುದು. ಮಧ್ಯದ ದಾರಿಯೂ ಇದೆ. ಆಸ್ಪತ್ರೆ ಹತ್ತಿರ ಕೆಳಮಹಡಿಯ ನೆಂಟರ ಮನೆ ಇದ್ದರೆ ಮೊದಲ ವಾರ ಅಲ್ಲಿರಬಹುದು. ಕೈಯಲ್ಲಾದರೆ ಮನೆಗೆ ಬರುವ ನರ್ಸ್ ಇಟ್ಟುಕೊಳ್ಳಬಹುದು. ಐದು ದಿನ ದಾಟಿದರೂ ಗಾಳಿ ಸೋರುವುದು ನಿಲ್ಲದಿದ್ದರೆ, ಬೇರೆಲ್ಲ ಚೆನ್ನಾಗಿದ್ದರೆ, ಟ್ಯೂಬಿಗೆ ಒಂದು ಸಣ್ಣ ಕವಾಟ ಜೋಡಿಸಿ ಮನೆಗೆ ಕಳಿಸುವುದೂ ಉಂಟು. ನಿಮ್ಮ ಮೂರನೇ ಮಹಡಿಗೆ, ಹಗಲು ಯಾರೂ ಇಲ್ಲದ ಮನೆಗೆ ನಾನು ಅದನ್ನು ಒಪ್ಪುವುದಿಲ್ಲ. ಅಂಥ ಹೊತ್ತಿನಲ್ಲಿ ಆಸ್ಪತ್ರೆಯಲ್ಲೇ ಇರಿ. ಇನ್ನೊಂದು ಮಾತು. ಕೀಹೋಲ್ ಅಂತ ಶುರುಮಾಡಿದ್ದು ರಕ್ತಸ್ರಾವ ಅಥವಾ ಅಂಟಿಕೊಂಡ ದುಗ್ಧಗ್ರಂಥಿಗಳ (ಲಿಂಫ್ ನೋಡ್) ಕಾರಣಕ್ಕೆ ನಡುವೆ ತೆರೆದ ಆಪರೇಷನ್ ಆಗಬಹುದು. ಅದು ಸೋಲಲ್ಲ, ಸುರಕ್ಷತೆಗೆ ತೆಗೆದುಕೊಳ್ಳುವ ತೀರ್ಮಾನ. ಆಗ ಇನ್ನಷ್ಟು ದಿನ ಬೇಕಾಗಬಹುದು.

ರಜೆಯ ವಿಷಯ. ಆಪರೇಷನ್ ದಿನ ಗಂಡ ಹೆಂಡತಿ ಇಬ್ಬರೂ ರಜೆ ಹಾಕಿ ಕಾರಿಡಾರಿನಲ್ಲಿ ಕೂರುತ್ತೀರಿ, ಮನೆಗೆ ಬಂದಮೇಲೆ ರಜೆ ಮುಗಿದಿರುತ್ತದೆ. ಉಲ್ಟಾ ಮಾಡಿ. ಮನೆಗೆ ಬಂದ ಮೊದಲ ವಾರ ಒಬ್ಬರಾದರೂ ಇರುವಂತೆ ಉಳಿಸಿಕೊಳ್ಳಿ. ಖರ್ಚಿನ ಚಿಂತೆ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಶೇಕಡಾ, 1.5 ಲಕ್ಷದ ಮಿತಿಯಲ್ಲಿ. ಬೆಂಗಳೂರಿನ ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ಸರ್ಕಾರಿ ಸಂಸ್ಥೆಯಲ್ಲಿ ವಿಚಾರಿಸಬಹುದು.

ಮನೆಗೆ ಬರುವ ದಿನ ಸ್ಕೂಟರ್, ಆಟೋ ಬೇಡ. ನಮ್ಮ ರಸ್ತೆ ಹಂಪುಗಳ ಒಂದೊಂದು ಏಟೂ ಪಕ್ಕೆಗೆ ಬಡಿಯುತ್ತದೆ. ಕಾರಿನಲ್ಲಿ, ಸೀಟ್ ಬೆಲ್ಟ್ ಕೆಳಗೆ ಮೆತ್ತನೆಯ ದಿಂಬು ಇಟ್ಟು ಕರೆತನ್ನಿ. ಒಂದೊಂದು ಮಹಡಿಗೂ ಒಂದು ಪ್ಲಾಸ್ಟಿಕ್ ಕುರ್ಚಿ ಇಡಿ, ಕೂತು ಸುಧಾರಿಸಿಕೊಂಡು ಹತ್ತಲಿ. ಮಾರನೇ ದಿನದಿಂದ ಇಳಿದು ಹತ್ತುವುದು ನಿಧಾನವಾಗಿ ಶುರುವಾಗಲಿ.

ಊಟದ ಪಥ್ಯ ದಯವಿಟ್ಟು ಬೇಡ. ಬದನೆಕಾಯಿ ನಂಜು, ಮೊಸರು ಕಫ, ಮೊಟ್ಟೆ ಉಷ್ಣ ಅಂತ ಒಂದೊಂದಾಗಿ ತೆಗೆಯುತ್ತಾ ಹೋದರೆ ಕೊನೆಗೆ ಉಳಿಯುವುದು ಬೇಳೆ ಕಟ್ಟಿನ ಸಾರು ಮತ್ತು ಅನ್ನ. ಗಾಯ ಕೂಡಿಬರಲು ಪ್ರೋಟೀನ್ ಬೇಕು. ಕಿಡ್ನಿ ತೊಂದರೆ ಇಲ್ಲದಿದ್ದರೆ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ. 60 ಕಿಲೋ ಇರುವವರಿಗೆ 72ರಿಂದ 90 ಗ್ರಾಂ ಆಯಿತು. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ. ಹೆಸರುಕಾಳು, ಮೊಸರು, ಮೊಟ್ಟೆ, ತಿನ್ನುವವರಾದರೆ ಕೋಳಿ, ಮೀನು ಎಲ್ಲವೂ ಇರಲಿ. ಮುದ್ದೆಯೂ ಇರಲಿ, ಜೊತೆಗೆ ಕಾಳಿನ ಸಾರು ಗಟ್ಟಿಯಾಗಿರಲಿ. ನೋಡಲು ಬರುವ ನೆಂಟರಲ್ಲಿ ನೆಗಡಿ ಕೆಮ್ಮು ಇದ್ದವರಿಗೆ ಫೋನಿನಲ್ಲೇ ಮಾತಾಡಿ ಅಂತ ಹೇಳಿ. ಬೇಜಾರಾದರೆ ನನ್ನ ಮೇಲೆ ಹಾಕಿ.

ಒಣಕೆಮ್ಮು ಕೆಲವು ವಾರ ಇರಬಹುದು. ಎದೆಯ ಮುಂಭಾಗದಲ್ಲಿ ಜೋಮು, ಚುಳ್ ಎನ್ನುವ ನೋವೂ ಇರಬಹುದು. ಇವಕ್ಕೆ ಹೆದರಬೇಡಿ, ಭೇಟಿಯಲ್ಲಿ ಹೇಳಿ. ಆದರೆ ಉಸಿರಾಟ ಇದ್ದಕ್ಕಿದ್ದಂತೆ ಕಷ್ಟವಾದರೆ, ಜ್ವರ ಬಂದರೆ, ಕಫದಲ್ಲಿ ರಕ್ತ ಅಥವಾ ಕೀವು ಕಂಡರೆ, ಎದೆ ಡವಡವ ಅಂದರೆ, ಒಂದು ಕಾಲು ಮಾತ್ರ ಊದಿ ನೋವಾದರೆ, ಕುತ್ತಿಗೆ ಎದೆಯ ಚರ್ಮ ಉಬ್ಬಿ ಮುಟ್ಟಿದರೆ ಚರಚರ ಅಂದರೆ ಬೆಳಗಾಗುವವರೆಗೆ ಕಾಯಬೇಡಿ. ಆಪರೇಷನ್ ಆದ ಆಸ್ಪತ್ರೆ ಊರಿನ ಇನ್ನೊಂದು ತುದಿಯಲ್ಲಿದ್ದರೆ, ಹತ್ತಿರದ ಯಾವ ಎಮರ್ಜೆನ್ಸಿಗೆ ಹೋಗಬೇಕು ಅಂತ ಮೊದಲೇ ಗೊತ್ತುಮಾಡಿಕೊಳ್ಳಿ. ಡಿಸ್ಚಾರ್ಜ್ ಸಾರಾಂಶದ ಫೋಟೋ ಎಲ್ಲರ ಫೋನಿನಲ್ಲಿ ಇರಲಿ. ನೋವಿನ ಮಾತ್ರೆಗಳಲ್ಲಿ ಬಹಳಷ್ಟರಲ್ಲಿ ಪ್ಯಾರಾಸಿಟಮಾಲ್ ಬೆರೆತಿರುತ್ತದೆ. ಬರೆದುಕೊಟ್ಟದ್ದರ ಮೇಲೆ ಅಂಗಡಿಯಿಂದ ಇನ್ನೊಂದು ತಂದು ಸೇರಿಸಬೇಡಿ.

ಮೊದಲ ಭೇಟಿಗೆ ಹೋಗುವಾಗ ಹೊಸ ಎಕ್ಸ್‌ರೇ ಜೊತೆಗೆ ಪೆಥಾಲಜಿ ರಿಪೋರ್ಟ್ ಬಂದಿದೆಯಾ ಅಂತ ಮುಂಚೆಯೇ ಫೋನ್ ಮಾಡಿ ಕೇಳಿ. ತೆಗೆದ ಭಾಗವನ್ನೂ ಗ್ರಂಥಿಗಳನ್ನೂ ಪರೀಕ್ಷಿಸಿದ ಮೇಲೆಯೇ ಕ್ಯಾನ್ಸರಿನ ನಿಜವಾದ ಹಂತ ಗೊತ್ತಾಗುವುದು. ಕೆಲವರಿಗೆ ಕೀಮೋ ಬೇಕಾಗುತ್ತದೆ. ಇಜಿಎಫ್‌ಆರ್ ಎನ್ನುವ ಜೀನ್ ಬದಲಾವಣೆ ಕಂಡರೆ ಹಂತ ನೋಡಿಕೊಂಡು ಮಾತ್ರೆಯ ಚಿಕಿತ್ಸೆ ಇರುತ್ತದೆ. ಆ ಪರೀಕ್ಷೆಗೆ ಕಳಿಸಿದ್ದಾರಾ ಅಂತಲೂ ವಿಚಾರಿಸಿ. ಕೀಮೋ ಬೇಕಾದರೆ ಅದನ್ನು ಸಮಯಕ್ಕೆ ಶುರುಮಾಡಲು ಅಷ್ಟರೊಳಗೆ ಅಪ್ಪ ಊಟ, ನಡಿಗೆ, ತೂಕದಲ್ಲಿ ಗಟ್ಟಿಯಾಗಿರಬೇಕು. ತೂಕವನ್ನು ವಾರಕ್ಕೊಮ್ಮೆ ಬರೆದಿಟ್ಟು ಆ ಕಾಗದವನ್ನೂ ತೆಗೆದುಕೊಂಡು ಹೋಗಿ.